ಬಾರದವರ ಪಾಲು

ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿಗಳ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ರಾತ್ರಿಯ ಊಟದ ಕೊನೆಯಲ್ಲಿ ನಡೆಯುವ ಒಂದು ಸಣ್ಣ ಕೆಲಸವನ್ನು ವರ್ಣಿಸಿ ಹೇಳಬೇಕಾದುದಿಲ್ಲ. ಒಲೆಯ ಕೆಂಡ ಬೂದಿ ಮುಚ್ಚುವ ಹೊತ್ತಿಗೆ ಮನೆಯೊಡತಿಯು ಜೋಳದ ಎರಡು ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಯ ತಳದಲ್ಲಿ ಇಡುತ್ತಾಳೆ, ಪಲ್ಯದ ಬಟ್ಟಲನ್ನು ಅದರ ಮಗ್ಗುಲಿಗೆ ಸರಿಸುತ್ತಾಳೆ, ಬೆಕ್ಕು ಮುಟ್ಟದಂತೆ ಮೇಲೊಂದು ತಟ್ಟೆಯನ್ನು ಬೋರಲು ಹಾಕುತ್ತಾಳೆ. ಹೊಲದಲ್ಲಿ ನೀರು ಕಟ್ಟಲು ಹೋದ ಮಗನಿಗೋ, ಸಂತೆಗೆ ಹೋಗಿ ಕಡೆಯ ಬಸ್ಸು ತಪ್ಪಿಸಿಕೊಂಡ ಗಂಡನಿಗೋ ಅದು ಮೀಸಲು. ನಡುರಾತ್ರಿಯಲ್ಲಿ ಹಸಿದ ಮಗುವೊಂದು ಆ ಬುಟ್ಟಿಯತ್ತ ಕೈ ಚಾಚಿದರೆ, ‘ಅದು ನಿಮ್ಮಪ್ಪಂದು’ ಎಂದು ತಾಯಿ ಮೆಲ್ಲಗೆ ಗದರುವಳಲ್ಲದೆ, ‘ಅದು ಉಳಿದದ್ದು, ತಿನ್ನು’ ಎನ್ನುವುದಿಲ್ಲ. ಉಳಿದ ರೊಟ್ಟಿಯೂ ಪಾಲಿನ ರೊಟ್ಟಿಯೂ ಒಂದೇ ಹಂಚಿನ ಮೇಲೆ ಬೆಂದವು. ಬಾರದವನೊಬ್ಬನ ನೆನಪು ಸೇರಿತೆಂಬ ಒಂದೇ ಕಾರಣದಿಂದ ಎರಡನೆಯದಕ್ಕೆ ಬೇರೊಂದು ಘನತೆ ಒದಗಿತು.

ಇನ್ನು ಕಥೋಲಿಕ ಕ್ರೈಸ್ತರ ದೇವಾಲಯವೊಂದರೊಳಕ್ಕೆ ಹೋಗಿ ನೋಡೋಣ. ಬಲಿಪೀಠದ ಹಿಂಬದಿಯಲ್ಲಿಯೋ ಪಕ್ಕದಲ್ಲಿಯೋ ಬೀಗವುಳ್ಳ ಒಂದು ಚಿಕ್ಕ ಪೆಟ್ಟಿಗೆಯೂ, ಅದರ ಸಮೀಪದಲ್ಲಿ ಹಗಲಿರುಳೆನ್ನದೆ ಉರಿಯುವ ಒಂದು ದೀಪವೂ ಕಾಣಬರುತ್ತವೆ. ಬಲಿಪೂಜೆಯಲ್ಲಿ ಅರ್ಪಿತವಾಗಿ ಕ್ರಿಸ್ತನ ಶರೀರವೇ ಆಯಿತೆಂದು ಆ ಧರ್ಮಸಭೆಯು ನಂಬುವ ರೊಟ್ಟಿಯು ಆ ಪೆಟ್ಟಿಗೆಯಲ್ಲಿರುತ್ತದೆ. ಪರಮಪ್ರಸಾದವೆಂದು ಅದರ ಹೆಸರು. ಭಕ್ತರು ಅದರೆದುರು ಮೊಣಕಾಲೂರುತ್ತಾರೆ, ಮೌನವಾಗಿ ಕುಳಿತು ಧ್ಯಾನಿಸುತ್ತಾರೆ, ವಿಶೇಷ ದಿನಗಳಲ್ಲಿ ಹೊಂಬಣ್ಣದ ಕಿರಣಗಳುಳ್ಳ ಪಾತ್ರೆಯಲ್ಲಿ ಅದನ್ನು ಪ್ರತಿಷ್ಠಿಸಿ ಧೂಪಾರತಿಯೊಡನೆ ಆರಾಧಿಸುತ್ತಾರೆ. ಈ ಭಕ್ತಿಯನ್ನು ಕುರಿತು ವಿಚಾರಿಗಳಾಡುವ ಮಾತೊಂದು, ಭಕ್ತರಾಡುವ ಮಾತೊಂದು. ಉಣ್ಣಬೇಕಾದುದನ್ನು ಪೆಟ್ಟಿಗೆಯಲ್ಲಿರಿಸಿ ಪೂಜಿಸುವುದು ಅನ್ನದ ಅರ್ಥವನ್ನೇ ಕೆಡಿಸಿದಂತೆ ಎಂಬುದು ಮೊದಲಿನವರ ಆಕ್ಷೇಪ. ದೇವರು ಅಲ್ಲಿರುವನು, ಆದಕಾರಣ ಆರಾಧಿಸುತ್ತೇವೆ, ಅದರಾಚೆಗೆ ವಿಚಾರಿಸುವುದು ಅಧಿಕಪ್ರಸಂಗ ಎಂಬುದು ಎರಡನೆಯವರ ಸಮಾಧಾನ. ಪರಸ್ಪರ ವಿರುದ್ಧವೆಂದು ತೋರುವ ಈ ಎರಡು ಮಾತುಗಳೂ ಒಂದೇ ವಿಷಯವನ್ನು ಮರೆತಿವೆಯೆಂದು ನನಗೆ ತೋರುತ್ತದೆ. ಆ ಪೆಟ್ಟಿಗೆ ಹುಟ್ಟಿದ್ದು ಬಾರದವರಿಗಾಗಿ. ಊಟದ ಪಂಕ್ತಿಗೆ ಬರಲಾಗದೆ ಹೋದವರ ಪಾಲನ್ನು ಜೋಪಾನವಾಗಿರಿಸುವುದಕ್ಕೆಂದು ಅದು ದೇವಾಲಯದೊಳಕ್ಕೆ ಬಂದಿತು. ಆರಾಧನೆಯು ಆ ಪಾಲಿನ ಸುತ್ತ ತರುವಾಯ ಬೆಳೆದ ಪ್ರೀತಿ. ಈ ಕ್ರಮವನ್ನು ನೆನಪಿನಲ್ಲಿಟ್ಟುಕೊಂಡರೆ ಒಬ್ಬ ಗುರುವಿನ ಪಾಲನೆಗೆ ಒಪ್ಪಿಸಿದ ಸ್ಥಳೀಯ ಸಭೆಯಾದ ಧರ್ಮಕೇಂದ್ರದ ಬಾಳುವೆಯನ್ನೂ ಪರಮಪ್ರಸಾದದ ಭಕ್ತಿಯನ್ನೂ ಅಳೆಯುವುದಕ್ಕೆ ಒಂದು ನಿಜವಾದ ಅಳತೆಗೋಲು ದೊರೆಯುತ್ತದೆಂಬುದೇ ಈ ಲೇಖನದ ಪ್ರತಿಪಾದನೆ.

ಇದು ನನ್ನ ಕಲ್ಪನೆಯಲ್ಲವೆಂಬುದಕ್ಕೆ ಚರಿತ್ರೆಯೇ ಸಾಕ್ಷಿ. ಕ್ರಿ. ಶ. 155ರ ಸುಮಾರಿಗೆ ರೋಮಿನಲ್ಲಿದ್ದ ಹುತಾತ್ಮ ಜಸ್ಟಿನನು ಕ್ರೈಸ್ತರ ಭಾನುವಾರದ ಕೂಟವನ್ನು ಅರಸನಿಗೆ ವಿವರಿಸಿ ಬರೆಯುವಾಗ, ಅರ್ಪಿತವಾದುದನ್ನು ನೆರೆದವರಿಗೆ ಹಂಚಿದ ಮೇಲೆ ಬಾರದಿದ್ದವರಿಗೂ ಸಭೆಯ ಸೇವಕರು ಒಯ್ದು ಮುಟ್ಟಿಸುತ್ತಿದ್ದರೆಂಬುದನ್ನು ತಿಳಿಸಿದ್ದಾನೆ. ಅದರ ಬೆನ್ನಿಗೇ ಅನುಕೂಲವಂತರು ಮನಸ್ಸಾರೆ ಕೊಟ್ಟ ಕಾಣಿಕೆಯು ಅನಾಥರಿಗೂ ವಿಧವೆಯರಿಗೂ ರೋಗಿಗಳಿಗೂ ಸೆರೆಯಲ್ಲಿರುವವರಿಗೂ ಪರಸ್ಥಳದಿಂದ ಬಂದವರಿಗೂ ವಿನಿಯೋಗವಾಗುತ್ತಿತ್ತೆಂಬುದನ್ನೂ ಹೇಳಿದ್ದಾನೆ. ಈ ಎರಡು ಸಂಗತಿಗಳು ಅವನ ಬರೆಹದಲ್ಲಿ ಒಂದರ ಪಕ್ಕದಲ್ಲೊಂದು ಕುಳಿತಿರುವುದು ಆಕಸ್ಮಿಕವಲ್ಲ. 325ರಲ್ಲಿ ನೆರೆದ ನೈಸಿಯಾ ಮಹಾಸಭೆಯು ಸಾಯುತ್ತಿರುವವನಿಗೆ ಆ ಕಡೆಯ ಆಹಾರವನ್ನು ತಪ್ಪಿಸಕೂಡದೆಂದು ವಿಧಿಸಿ, ಇದು ಹಿಂದಿನಿಂದ ಬಂದ ಕಟ್ಟಳೆಯೆಂದೂ ಸೇರಿಸಿತು. ಆ ಕಡೆಯ ಆಹಾರಕ್ಕೆ ಲತೀನಿನಲ್ಲಿ ‘ವಿಯಾತಿಕುಂ’ ಎಂದು ಹೆಸರು. ದಾರಿಗೆ ಒದಗುವ ಸಾಮಗ್ರಿಯೆಂದು ಅದರರ್ಥ. ನಮ್ಮ ಸೀಮೆಯವರಿಗೆ ಅದನ್ನು ವಿವರಿಸಲು ವ್ಯಾಖ್ಯಾನಕಾರರ ನೆರವು ಬೇಕಿಲ್ಲ, ‘ಬುತ್ತಿ’ ಎಂದರೆ ಸಾಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿಗಳನ್ನು ಬಟ್ಟೆಯಲ್ಲಿ ಗಂಟುಕಟ್ಟಿ ದೂರದ ಹಾದಿ ಹಿಡಿದವನ ಕೈಗೆ ಕೊಡುವ ತಾಯಿಯ ಭಾವವೇ ಆ ಲತೀನು ಶಬ್ದದೊಳಗೂ ಇದೆ. ಪಂಕ್ತಿಗೆ ಬಾರದ ರೋಗಿಗೂ, ಪಂಕ್ತಿಯನ್ನೇ ಬಿಟ್ಟು ಹೊರಟ ಮರಣೋನ್ಮುಖನಿಗೂ ಬೇಕಾದೀತೆಂದು ಎತ್ತಿಟ್ಟ ಬುತ್ತಿಯೇ ಪರಮಪ್ರಸಾದದ ಪೆಟ್ಟಿಗೆಯ ಮೂಲ. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ 1967ರಲ್ಲಿ ರೋಮಿನಿಂದ ಹೊರಟ ಆದೇಶಪತ್ರವೂ ಇದನ್ನೇ ಪುನಃ ಸ್ಥಾಪಿಸಿತು: ಪರಮಪ್ರಸಾದವನ್ನು ಕಾಯ್ದಿರಿಸುವುದರ ಮೊದಲನೆಯ ಹಾಗೂ ಮೂಲವಾದ ಉದ್ದೇಶವು ಮರಣಕಾಲದ ಆ ಬುತ್ತಿ; ಪೂಜೆಯ ಹೊರಗಣ ಸ್ವೀಕಾರವೂ ಆರಾಧನೆಯೂ ಅದರ ಅನಂತರದವು.

ಹಾಗಾದರೆ ಬುತ್ತಿಯು ವಿಗ್ರಹದಂತೆ ತೋರತೊಡಗಿದ್ದು ಹೇಗೆ? ಮಧ್ಯಯುಗದ ಯೂರೋಪಿನಲ್ಲಿ ಪರಮಪ್ರಸಾದದ ಮೇಲಣ ಭಯಭಕ್ತಿಯು ಹೆಚ್ಚಿದಷ್ಟೂ ಅದನ್ನು ಸ್ವೀಕರಿಸುವವರು ಕಡಮೆಯಾದರು. ತಾವು ಅನರ್ಹರೆಂದು ಹಿಂದೆ ಸರಿದ ಜನ, ಗುರುವು ರೊಟ್ಟಿಯನ್ನು ಮೇಲೆತ್ತುವ ಕ್ಷಣದಲ್ಲಿ ಅದನ್ನು ಕಣ್ಣಾರೆ ಕಂಡರೆ ಸಾಕೆಂದು ತೃಪ್ತಿಪಟ್ಟರು. ಬಾಯಿಯ ಕೆಲಸವನ್ನು ಕಣ್ಣು ವಹಿಸಿಕೊಂಡಿತು. 1215ರ ಲ್ಯಾಟರನ್ ಮಹಾಸಭೆಯು ವರ್ಷಕ್ಕೊಮ್ಮೆಯಾದರೂ ಈಸ್ಟರ್ ಕಾಲದಲ್ಲಿ ಪ್ರಸಾದವನ್ನು ಸ್ವೀಕರಿಸಲೇಬೇಕೆಂದು ಕಟ್ಟಪ್ಪಣೆ ಮಾಡಬೇಕಾಯಿತೆಂದರೆ, ಉಣ್ಣದೆ ನೋಡುವವರ ಸಂಖ್ಯೆ ಎಷ್ಟಿದ್ದೀತೆಂಬುದನ್ನು ಊಹಿಸಬಹುದು. 1264ರಲ್ಲಿ ನಾಲ್ಕನೆಯ ಅರ್ಬನ್ ಪೋಪರು ಕ್ರಿಸ್ತನ ಪವಿತ್ರ ಶರೀರದ ಹಬ್ಬವನ್ನು ಸಮಸ್ತ ಪಾಶ್ಚಾತ್ಯ ಸಭೆಗೆ ವಿಧಿಸಿದ ಮೇಲೆ ಬೀದಿಗಳಲ್ಲಿ ಮೆರವಣಿಗೆ, ಹೂಹಾಸು, ದೀಪಮಾಲಿಕೆಗಳು ಬೆಳೆದುವು. ಅವುಗಳಲ್ಲಿ ಸೌಂದರ್ಯವಿಲ್ಲವೆಂದು ಯಾರು ಹೇಳಬಲ್ಲರು? ಆದರೆ ಪಂಕ್ತಿಯಲ್ಲಿ ಕೂರಲು ಅಂಜಿದವರು ಮೆರವಣಿಗೆಯಲ್ಲಿ ನಡೆಯಲು ಅಂಜಲಿಲ್ಲವೆಂಬುದು ಯೋಚಿಸತಕ್ಕ ಸಂಗತಿ. ಹತ್ತನೆಯ ಪಿಯುಸ್ ಪೋಪರು 1905ರಲ್ಲಿ ನಿತ್ಯಸ್ವೀಕಾರವನ್ನು ಪ್ರೋತ್ಸಾಹಿಸಿ, 1910ರಲ್ಲಿ ಏಳು ವರ್ಷದ ಆಸುಪಾಸಿನ ಬುದ್ಧಿ ತಿಳಿದ ಮಕ್ಕಳಿಗೂ ಪ್ರಸಾದವನ್ನು ಕೊಡಬೇಕೆಂದು ವಿಧಿಸುವವರೆಗೆ ಈ ಅಂಜಿಕೆಯು ಪೂರ್ತಿಯಾಗಿ ಬಿಡಲಿಲ್ಲ. ಇಂದು ನಮ್ಮ ಮಕ್ಕಳು ಬಿಳಿಯ ಉಡುಪಿನಲ್ಲಿ, ಕೈಯಲ್ಲೊಂದು ಮೇಣದ ಬತ್ತಿ ಹಿಡಿದು ಪ್ರಥಮ ಪರಮಪ್ರಸಾದಕ್ಕೆ ಸಾಲುಗಟ್ಟುವ ದೃಶ್ಯದ ಹಿಂದೆ ಏಳು ಶತಮಾನಗಳ ಹಿಂಜರಿಕೆಯನ್ನು ಮುರಿದ ಆ ಅಪ್ಪಣೆಯಿದೆ.

ಈ ಮಾತುಗಳನ್ನು ಬಳ್ಳಾರಿ ಸೀಮೆಗೆ ತಂದು ನೋಡುವಾಗ ಇಲ್ಲಿನ ಕಥೋಲಿಕ ಬಾಳುವೆಯ ಆಕಾರವನ್ನು ಸ್ವಲ್ಪ ಅರಿತಿರಬೇಕು. ಕರಾವಳಿಯಲ್ಲಿರುವಂತೆ ಊರಿಗೊಂದು ಗೋಪುರ, ಬೀದಿಗೊಂದು ಶಿಲುಬೆಯ ಗುಡಿ ಇಲ್ಲಿಲ್ಲ. ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಬಿಜಾಪುರದ ಆದಿಲಶಾಹಿಗಳ ಕಾಲದಿಂದ, ಎಂದರೆ 16ನೆಯ ಶತಮಾನದಿಂದ, ಒಂದು ಕ್ರೈಸ್ತ ಸಮುದಾಯವು ಬಾಳಿಕೊಂಡು ಬಂದಿರುವುದು ನಿಜ. ಆದರೆ ಅಂತಹ ಪ್ರಾಚೀನ ನೆಲೆಗಳು ಈ ಒಣನೆಲದಲ್ಲಿ ವಿರಳ. ಬಳ್ಳಾರಿಯ ಮಿಷನ್ನು 1928ರಲ್ಲಿ ಮದರಾಸಿನ ಮಹಾಧರ್ಮಪ್ರಾಂತ್ಯದಿಂದ ಬೇರ್ಪಟ್ಟು 1949ರಲ್ಲಿ ಸ್ವತಂತ್ರ ಧರ್ಮಪ್ರಾಂತ್ಯವಾಯಿತು. ಬಳ್ಳಾರಿ ಜಿಲ್ಲೆಯು ಮದರಾಸಿನಿಂದ ಬಿಡುಗಡೆ ಹೊಂದಿ ಮೈಸೂರಿಗೆ ಸೇರಿದ್ದು 1953ರಲ್ಲಾದುದರಿಂದ, ಧರ್ಮಸಭೆಯ ಭೂಪಟವು ಸರ್ಕಾರದ ಭೂಪಟಕ್ಕಿಂತ ಕಾಲು ಶತಮಾನ ಮೊದಲೇ ಮದರಾಸಿನ ಹಿಡಿತವನ್ನು ಸಡಿಲಿಸಿಕೊಂಡಿತ್ತೆನ್ನಬಹುದು. ಪಶ್ಚಿಮದ ಈ ತಾಲ್ಲೂಕುಗಳಲ್ಲಿ ಕಥೋಲಿಕರು ಇಂದಿಗೂ ಅಲ್ಪಸಂಖ್ಯರಲ್ಲಿ ಅಲ್ಪಸಂಖ್ಯರು. ಶಾಲೆಯ ಉಪಾಧ್ಯಾಯಿನಿ, ಆಸ್ಪತ್ರೆಯ ದಾದಿ, ವರ್ಗವಾಗಿ ಬಂದ ನೌಕರ, ಎಲ್ಲಿಂದಲೋ ಬಂದು ನೆಲೆಸಿದ ಒಂದೆರಡು ಕುಟುಂಬ, ಇಷ್ಟೇ ಸಭೆ. ಇಂತಹ ಕಡೆಗಳಲ್ಲಿ ಗುರುಗಳು ದೂರದಿಂದ ಬಂದು ಪೂಜೆಯರ್ಪಿಸಬೇಕು; ಒಬ್ಬರ ಮನೆಯ ಪಡಸಾಲೆಯಲ್ಲಿ ಮೇಜೊಂದಕ್ಕೆ ಬಿಳಿಯ ಬಟ್ಟೆ ಹಾಸಿ, ಒಂದು ಶಿಲುಬೆ, ಎರಡು ಮೇಣದ ಬತ್ತಿ, ಹಡಗಲಿಯ ಮಲ್ಲಿಗೆಯ ಒಂದು ಮೊಳ ಮಾಲೆಯನ್ನಿರಿಸಿದರೆ ಅದೇ ಬಲಿಪೀಠವಾಗಬೇಕು.

‘ಧರ್ಮಕೇಂದ್ರ’ ಎಂಬ ನಮ್ಮ ಕನ್ನಡ ಶಬ್ದವು ಇಲ್ಲಿ ಸ್ವಲ್ಪ ಮೋಸಮಾಡುತ್ತದೆ. ಕೇಂದ್ರವೆಂದೊಡನೆ ಕಟ್ಟಡವೂ ಕಛೇರಿಯೂ ಕಣ್ಣಿಗೆ ಕಟ್ಟುತ್ತವೆ. ಸುತ್ತಲಿನವರೆಲ್ಲ ಅಲ್ಲಿಗೆ ಬರತಕ್ಕವರು, ಕೇಂದ್ರವು ಎಲ್ಲಿಗೂ ಹೋಗತಕ್ಕದ್ದಲ್ಲವೆಂಬ ಭಾವನೆ ಹುಟ್ಟುತ್ತದೆ. ಆದರೆ ಯಾವ ಗ್ರೀಕ್ ಶಬ್ದದಿಂದ ಧರ್ಮಕೇಂದ್ರವೆಂಬರ್ಥದ ಯೂರೋಪಿನ ಭಾಷೆಗಳ ಪದವು ಬಂದಿತೋ ಆ ‘ಪರೋಯಿಕಿಯಾ’ ಎಂಬುದಕ್ಕೆ ಪರಸ್ಥಳದಲ್ಲಿ ಹೂಡಿದ ಬಿಡಾರವೆಂಬರ್ಥವುಂಟು. ಕುರಿಗಳೊಡನೆ ಊರೂರು ತಿರುಗುತ್ತ ಹೊಲದಲ್ಲಿ ರಾತ್ರಿಗಳನ್ನು ಕಳೆಯುವ ಕುರುಬರನ್ನು ಕಂಡ ಈ ಸೀಮೆಯವರಿಗೆ ಬಿಡಾರದ ಧರ್ಮವೇನೆಂಬುದು ಗೊತ್ತು: ಬಿಡಾರವು ಮಂದಿಯೊಡನೆ ಸಾಗುತ್ತದೆ, ತಪ್ಪಿಸಿಕೊಂಡ ಮರಿಯನ್ನು ಹುಡುಕಲು ಒಬ್ಬನನ್ನು ಹಿಂದಕ್ಕೆ ಕಳುಹಿಸುತ್ತದೆ. 1917ರ ಧರ್ಮಸಭೆಯ ಕಾನೂನು ಧರ್ಮಕೇಂದ್ರವನ್ನು ಧರ್ಮಪ್ರಾಂತ್ಯದ ಒಂದು ಭೂಭಾಗವೆಂಬ ದೃಷ್ಟಿಯಿಂದ ಕಂಡರೆ, 1983ರ ಕಾನೂನು ಅದನ್ನು ವಿಶ್ವಾಸಿಗಳ ಒಂದು ನಿರ್ದಿಷ್ಟ ಸಮುದಾಯವೆಂದು ನಿರೂಪಿಸಿತು. ಗೆರೆಗಳನ್ನು ನಂಬಿದರೆ ಏನಾಗುವುದೆಂಬುದನ್ನು ಹರಪನಹಳ್ಳಿಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 1997ರಲ್ಲಿ ಈ ತಾಲ್ಲೂಕನ್ನು ದಾವಣಗೆರೆ ಜಿಲ್ಲೆಗೆ ಸೇರಿಸಿದುದರಿಂದ, ಸಂವಿಧಾನದ 371(ಜೆ) ವಿಧಿಯ ವಿಶೇಷ ಸೌಲಭ್ಯಗಳು ಬಳ್ಳಾರಿ ಜಿಲ್ಲೆಗೆ ಒದಗಿದಾಗ ಇವರು ಪಂಕ್ತಿಯ ಹೊರಗೆ ಉಳಿದರು. 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸಂದರು. ನೆಲವೂ ಜನವೂ ಬರಗಾಲವೂ ಇದ್ದಲ್ಲಿಯೇ ಇದ್ದು, ಗೆರೆಯೊಂದು ಆಚೀಚೆ ಸರಿದಾಗ ಪಾಲು ತಪ್ಪುವ ಅನುಭವವು ಇಲ್ಲಿನವರ ನೆನಪಿನಲ್ಲಿ ಹಸಿಯಾಗಿಯೇ ಇದೆ.

ಈಗ ಪರಮಪ್ರಸಾದದ ಹೆಸರನ್ನೇ ವಿಚಾರಿಸೋಣ. ಕನ್ನಡದ ಕಥೋಲಿಕರು ಆ ರಹಸ್ಯಕ್ಕೆ ಎರಡು ಮಾತುಗಳನ್ನು ಬಳಸುತ್ತಾರೆ: ಅರ್ಪಿಸುವಾಗ ಅದು ರೊಟ್ಟಿ, ಸ್ವೀಕರಿಸುವಾಗ ಅದು ಪ್ರಸಾದ. ಒಂದು ಒಲೆಯಿಂದ ಬಂದ ಮಾತು, ಮತ್ತೊಂದು ಗುಡಿಯಿಂದ ಬಂದ ಮಾತು. ‘ಪ್ರಸಾದ’ವೆಂಬ ಶಬ್ದವನ್ನು ಆರಿಸಿಕೊಂಡ ಹಿಂದಿನವರು ಅದನ್ನು ಶೂನ್ಯದಿಂದ ತರಲಿಲ್ಲ. ಕೊಟ್ಟೂರಿನ ಗುರುಬಸವೇಶ್ವರನ ಸನ್ನಿಧಿಯೂ ಉಜ್ಜಿನಿಯ ಪೀಠವೂ ಇರುವ ಈ ಸೀಮೆಯಲ್ಲಿ ಪ್ರಸಾದವು ವೀರಶೈವ ಲಿಂಗಾಯತರ ಅಷ್ಟಾವರಣಗಳಲ್ಲೊಂದು. ಅದನ್ನು ಚೆಲ್ಲಕೂಡದು, ಬಿಡಕೂಡದು, ಅದರಲ್ಲಿ ಮೇಲುಕೀಳು ಎಣಿಸಕೂಡದು. ಅಷ್ಟೆಲ್ಲ ಅರ್ಥಭಾರವನ್ನು ಹೊತ್ತ ಶಬ್ದವು ಕ್ರೈಸ್ತರ ಬಲಿಪೀಠಕ್ಕೆ ಬಂದುದರಿಂದ ಅವರಿಗೆ ಲಾಭವೇ ಆಯಿತು. ಆದರೆ ಭೇದವೂ ಉಂಟು. ಸಾಮಾನ್ಯವಾಗಿ ಪ್ರಸಾದವೆಂದರೆ ದೇವರಿಗೆ ಅರ್ಪಿಸಿ ಮರಳಿ ಪಡೆದ ಪದಾರ್ಥ. ಇಲ್ಲಿ ದಾತನೇ ದತ್ತವಾದನೆಂದು, ನೀಡಿದವನೇ ನೈವೇದ್ಯವಾಗಿ ತಟ್ಟೆಗೆ ಬಂದನೆಂದು ನಂಬಿಕೆ. ಆ ನಂಬಿಕೆಯನ್ನು ‘ಪ್ರಸಾದ’ವೆಂಬ ಮಾತೊಂದೇ ಹೊರಲಾರದು, ಹಸಿವನ್ನು ಹಿಂಗಿಸುವ, ಕೈಯಿಂದ ಮುರಿಯಬೇಕಾದ, ಮುರಿಯದೆ ಹಂಚಲಾಗದ ರೊಟ್ಟಿಯ ನೆನಪು ಅದರ ಜೊತೆಗಿರಬೇಕು. ಪ್ರಸಾದವೆಂಬ ಮಾತು ಹಿರಿದಾಗಿ ರೊಟ್ಟಿಯೆಂಬ ಮಾತು ಮರೆಯಾದಲ್ಲೆಲ್ಲ, ಕಣ್ಣು ಹಿರಿದಾಗಿ ಬಾಯಿ ಮರೆಯಾದ ಆ ಹಳೆಯ ಕಥೆಯೇ ಪುನರಾವರ್ತನೆಯಾಗುತ್ತದೆ.

ರೊಟ್ಟಿಯೆಂದೊಡನೆ ಒಂದು ಸಹಜವಾದ ಪ್ರಶ್ನೆ ಏಳುತ್ತದೆ. ಜೋಳವುಣ್ಣುವ ಜನಕ್ಕೆ ಗೋದಿಯ ರೊಟ್ಟಿಯೇ ಏಕೆ? ಧರ್ಮಸಭೆಯ ಕಾನೂನಿನಂತೆ ಬಲಿಪೂಜೆಯ ರೊಟ್ಟಿಯು ಗೋದಿಯೊಂದರಿಂದಲೇ ಆಗಿರಬೇಕು; ಅಂಟಿನಂಶವನ್ನು ಪೂರ್ತಿಯಾಗಿ ತೆಗೆದ ಹಿಟ್ಟು ಸಲ್ಲದೆಂದು 2017ರಲ್ಲಿಯೂ ರೋಮಿನಿಂದ ಸ್ಪಷ್ಟನೆ ಬಂದಿತು. ಜೋಳದಲ್ಲಿಯಾದರೋ ಆ ಅಂಟು ಮೊದಲೇ ಇಲ್ಲ. ಆದುದರಿಂದಲೇ ನಮ್ಮ ಹೆಂಗಸರು ಕುದಿಯುವ ಎಸರನ್ನು ಹಿಟ್ಟಿಗೆ ಹೊಯ್ದು, ಬಿಸಿಯಿರುವಾಗಲೇ ನಾದಿ, ಲಟ್ಟಣಿಗೆಯ ಹಂಗಿಲ್ಲದೆ ಅಂಗೈಯಿಂದ ತಟ್ಟಿ ತಟ್ಟಿ ಅದನ್ನು ಚಂದ್ರಮಂಡಲದಂತೆ ಅಗಲಿಸುತ್ತಾರೆ. ಹಂಚಿನ ಮೇಲೆ ಹಾಕಿ ಒದ್ದೆಬಟ್ಟೆಯಿಂದ ನೀರು ಸವರುತ್ತಾರೆ. ಹಿಟ್ಟಿನಲ್ಲಿಲ್ಲದ ಬಿಗಿಯನ್ನು ಕೈಯ ಹದವು ತುಂಬುತ್ತದೆ. ಇಂತಹ ರೊಟ್ಟಿಯನ್ನು ಬಿಟ್ಟು, ಎರಡು ಕಾದ ಕಬ್ಬಿಣದ ಹಲಗೆಗಳ ನಡುವೆ ಬೆಂದ ಗೋದಿಯ ಆ ತೆಳುಬಿಲ್ಲೆಯನ್ನು ಪರದೇಶದಿಂದ ಬಂದ ವಿಧಿಯೊಂದು ನಮ್ಮ ನಾಲಗೆಯ ಮೇಲಿಡುವುದು ಅನ್ಯಾಯವಲ್ಲವೆ ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆಯನ್ನು ನಾನು ಹಗುರವಾಗಿ ಎಣಿಸುವುದಿಲ್ಲ.

ಆದರೂ ಈ ವಿಷಯದಲ್ಲಿ ನಾನು ಹಳೆಯ ಕಟ್ಟಳೆಯ ಪಕ್ಷಪಾತಿ. ಬಲಿಪೂಜೆಯು ಒಂದು ನಿರ್ದಿಷ್ಟ ರಾತ್ರಿಯ, ಒಂದು ನಿರ್ದಿಷ್ಟ ನಾಡಿನ ಭೋಜನದ, ಕ್ರಿಸ್ತನು ಶಿಷ್ಯರೊಡನೆ ಉಂಡ ಕಡೆಯ ಊಟದ, ಸ್ಮರಣೆ. ಆ ಪಂಕ್ತಿಯಲ್ಲಿ ನಾವು ಆತಿಥೇಯರಲ್ಲ, ಅತಿಥಿಗಳು. ಅತಿಥಿಯಾದವನು ತನ್ನ ಮನೆಯ ಊಟವನ್ನೇ ಬಡಿಸಬೇಕೆಂದು ಹಠ ಹಿಡಿಯುವುದಿಲ್ಲ. ಕೊಟ್ಟೂರಿನ ಭಕ್ತನೂ ಮನಿಲಾದ ಭಕ್ತನೂ ಒಂದೇ ಧಾನ್ಯವನ್ನು ಸವಿಯುವುದರಲ್ಲಿ, ತನ್ನದಲ್ಲದುದನ್ನು ತನ್ನದಾಗಿ ಸ್ವೀಕರಿಸುವ ವಿನಯವಿದೆ. ಆದರೆ ಈ ವಿನಯವು ಒಂದು ಕರಾರಿನ ಮೇಲೆ ನಿಂತಿದೆ: ರೊಟ್ಟಿಯು ಪರಸ್ಥಳದ್ದಾದರೆ ಪಂಕ್ತಿಯು ನಮ್ಮದಾಗಬೇಕು. ಪೂಜೆಯ ಭಾಷೆ ಕನ್ನಡವಾಗಬೇಕು, ಹಾಡಿನ ಧಾಟಿಯಲ್ಲಿ ಈ ನೆಲದ ವಾಸನೆಯಿರಬೇಕು. ಬೆಂಗಳೂರಿನಲ್ಲಿ 1967ರಲ್ಲಿ ಆರಂಭವಾದ ರಾಷ್ಟ್ರೀಯ ಧರ್ಮಬೋಧನಾ ಕೇಂದ್ರದಲ್ಲಿ ಗುರುಗಳಾದ ಅಮಲೋರ್ಪವದಾಸರು ಮುಂದೆ ನಿಂತು ರೂಪಿಸಿದ, 1969ರಲ್ಲಿ ರೋಮಿನ ಸಮ್ಮತಿ ಪಡೆದ ಹನ್ನೆರಡು ಅಂಶಗಳು, ಎಂದರೆ ನೆಲದ ಮೇಲೆ ಕುಳಿತು ಪೂಜಿಸುವುದು, ಕೈಮುಗಿದು ವಂದಿಸುವುದು, ಆರತಿಯೆತ್ತುವುದು ಮುಂತಾದವು, ಈ ಕರಾರಿನ ನೆರವೇರಿಕೆಗಾಗಿಯೇ ಬಂದುವು. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ ಹತ್ತು ಮಂದಿಯ ಪಡಸಾಲೆಯ ಪೂಜೆಯು, ಬೆಂಚುಗಳ ಸಾಲಿನಲ್ಲಿ ಒಬ್ಬರ ಬೆನ್ನನ್ನೊಬ್ಬರು ನೋಡುವ ಪೂಜೆಗಿಂತ ಆ ಮೂಲಭೋಜನಕ್ಕೆ ಹತ್ತಿರವಾದುದೆಂದು ನಾನು ಎಣಿಸುತ್ತೇನೆ. ಸುಗ್ಗಿಯ ಕಾಲದಲ್ಲಿ ಜೋಳದ ತೆನೆಗಳು ಕಾಣಿಕೆಯ ಮೆರವಣಿಗೆಯಲ್ಲಿ ಬಲಿಪೀಠದ ಬುಡಕ್ಕೆ ಬರಲಿ; ಪೂಜೆ ಮುಗಿದ ಮೇಲೆ ಅವು ಯಾರ ಮನೆಯಲ್ಲಿ ಹಿಟ್ಟಿಲ್ಲವೋ ಆ ಮನೆಗೆ ಹೋಗಲಿ. ಗೋದಿಯು ಬಲಿಪೀಠದಲ್ಲಿಯೂ ಜೋಳವು ನೆರೆಮನೆಯಲ್ಲಿಯೂ ಮುರಿಯಲ್ಪಟ್ಟರೆ ಎರಡು ಧಾನ್ಯಗಳಿಗೂ ವೈಮನಸ್ಯವಿಲ್ಲ.

ಇಲ್ಲಿ ಭಕ್ತರ ಕಡೆಯಿಂದ ಒಂದು ಆಕ್ಷೇಪವು ಬಂದೀತು: ಹೀಗೆ ಬಾರದವರ ಮಾತನ್ನೇ ಆಡುತ್ತ ಹೋದರೆ ದಿವ್ಯಸನ್ನಿಧಾನದ ರಹಸ್ಯವು ಸಮಾಜಸೇವೆಯ ಮಟ್ಟಕ್ಕೆ ಇಳಿಯುವುದಿಲ್ಲವೆ? ಇಳಿಯುವುದಿಲ್ಲ, ಏತಕ್ಕೆಂದರೆ ಸನ್ನಿಧಾನದಲ್ಲಿ ನಂಬಿಕೆಯಿಲ್ಲದವನು ಪಾಲನ್ನು ಎತ್ತಿಡುವ ಪ್ರಯಾಸವನ್ನೇ ಪಡುತ್ತಿರಲಿಲ್ಲ. ಅದು ಬರಿಯ ಸಂಕೇತವಾಗಿದ್ದರೆ, ರೋಗಿಯ ಹಾಸಿಗೆಯ ಬಳಿಯಲ್ಲಿ ಹೊಸದಾಗಿ ಇನ್ನೊಂದು ಸಂಕೇತವನ್ನು ಮಾಡಿಕೊಂಡರೆ ಸಾಕಾಗುತ್ತಿತ್ತು. ಪಂಕ್ತಿಯಲ್ಲಿ ಮುರಿದ ಆ ರೊಟ್ಟಿಯೇ, ಅದೇ ಕ್ರಿಸ್ತನೇ, ಬಾರದವನ ಬಾಯಿಗೂ ಮುಟ್ಟಬೇಕೆಂಬ ಹಂಬಲದಿಂದಲೇ ಮಣ್ಣಿನ ಹಾದಿಯಲ್ಲಿ, ಉರಿಬಿಸಿಲಿನಲ್ಲಿ, ಎದೆಗೊಂದು ಚಿಕ್ಕ ಭರಣಿಯನ್ನು ಒತ್ತಿಕೊಂಡು ಗುರುಗಳು ಹೊರಟರು. ಎದುರಿಗೆ ಬರುವ ಲಿಂಗಾಯತ ರೈತನ ಕೊರಳಲ್ಲಿ ಇಷ್ಟಲಿಂಗದ ಕರಡಿಗೆ, ಇವರ ಕೊರಳಲ್ಲಿ ಈ ಭರಣಿ. ಇಬ್ಬರ ಸಿದ್ಧಾಂತಗಳೂ ಬೇರೆಯಾದರೂ, ಪೂಜ್ಯವಾದುದು ಮನುಷ್ಯನ ಎದೆಯ ಮೇಲೆ ಸಂಚರಿಸಬಲ್ಲುದೆಂಬ ಮಾತಿನಲ್ಲಿ ಒಬ್ಬರನ್ನೊಬ್ಬರು ಅರಿಯಬಲ್ಲರು. ಇನ್ನು ಆರಾಧನೆಯ ಮಾತು. ಪಾಲಿನ ಬುಟ್ಟಿಯನ್ನು ಕಾಯುತ್ತ ಬಾಗಿಲಿನತ್ತ ಕಣ್ಣಿಟ್ಟು ಕುಳಿತ ತಾಯಿಯ ಮೌನವು ಆರಾಧನೆಗೆ ಬಹು ಹತ್ತಿರದ್ದು. ಆ ಮೌನದಲ್ಲಿ ಪ್ರೀತಿಯಿದೆ, ನಿರೀಕ್ಷೆಯಿದೆ, ಬಾರದವನ ಚಿಂತೆಯಿದೆ. ಬಾಗಿಲನ್ನು ಮರೆತು ಬುಟ್ಟಿಯನ್ನಷ್ಟೇ ನೋಡುತ್ತ ಕುಳಿತರೆ ಮಾತ್ರ ಆಕೆಯ ಮೌನಕ್ಕೆ ಅರ್ಥವಿರದು.

2020ರ ಮಾರಿಯ ಕಾಲದಲ್ಲಿ ಕರ್ನಾಟಕದ ಎಲ್ಲ ಪ್ರಾರ್ಥನಾ ಮಂದಿರಗಳಂತೆ ಚರ್ಚುಗಳೂ ಜೂನ್ 8ರವರೆಗೆ ಮುಚ್ಚಿದ್ದುವು. ನಗರದ ಭಕ್ತರು ಫೋನಿನ ಪರದೆಯ ಮೇಲೆ ಪೂಜೆಯನ್ನು ಕಂಡು, ಬಾಯಿಗೆ ಬಾರದ ಪ್ರಸಾದಕ್ಕಾಗಿ ಕಣ್ಣೀರಿಟ್ಟರು. ನಿತ್ಯವೂ ಸುಲಭವಾಗಿ ದೊರೆಯುತ್ತಿದ್ದುದು ಕೆಲವು ವಾರ ತಪ್ಪಿದಾಗ ಅವರಿಗಾದ ಸಂಕಟವು ದೂರದ ಹಳ್ಳಿಯ ಒಂಟಿ ಕುಟುಂಬಕ್ಕೆ ಹೊಸದೇನೂ ಆಗಿರಲಿಲ್ಲ. ಅವರ ಪಾಲಿಗೆ ಪ್ರತಿ ಮಳೆಗಾಲವೂ, ಬಸ್ಸಿಲ್ಲದ ಪ್ರತಿ ಭಾನುವಾರವೂ ಒಂದು ಲಾಕ್‌ಡೌನೇ. ಪರದೆಯು ಕಣ್ಣಿಗೆ ಉಣಿಸಬಲ್ಲುದಲ್ಲದೆ ಬಾಯಿಗೆ ಉಣಿಸಲಾರದೆಂಬ ಪಾಠವನ್ನು ಆ ದಿನಗಳು ಎಲ್ಲರಿಗೂ ಕಲಿಸಿದುವು. ಬಾಗಿಲು ತೆರೆದ ಮೇಲೆ ಆ ಪಾಠವು ಎಷ್ಟು ಜನರಲ್ಲಿ ಉಳಿಯಿತೆಂಬುದು ಬೇರೆಯ ಮಾತು.

ವಿಚಾರಿಗಳ ಕಡೆಯಿಂದಲೂ ಒಂದು ತೀಕ್ಷ್ಣವಾದ ಪ್ರಶ್ನೆಯಿದೆ. ಅದಕ್ಕೆ ಉತ್ತರವೀಯದೆ ಮುಂದೆ ಹೋಗುವುದು ಅಪ್ರಾಮಾಣಿಕತೆ. ಕ್ರಿಸ್ಮಸ್ಸಿನ ರಾತ್ರಿ ಪ್ರೀತಿಯಿಂದ ಪೂಜೆಗೆ ಬಂದ ನೆರೆಮನೆಯ ಹಿಂದೂ ಗೃಹಿಣಿಗೆ, ಮುಸಲ್ಮಾನ ಗೆಳೆಯನಿಗೆ ಪ್ರಸಾದವನ್ನು ಕೊಡದಿರುವ ಪಂಕ್ತಿಯು ಎಂತಹ ಪಂಕ್ತಿ? ಕೊಟ್ಟೂರಿನ ರಥೋತ್ಸವಕ್ಕೆ ಹರಪನಹಳ್ಳಿಯ ಹಾದಿಯಲ್ಲಿ ನಡೆದು ಹೋಗುವ ಸಾವಿರಾರು ಪಾದಯಾತ್ರಿಗಳಿಗೆ ದಾರಿಯುದ್ದಕ್ಕೂ ಊರಿನವರು ಅನ್ನ, ನೀರು, ಮಜ್ಜಿಗೆಗಳನ್ನು ನೀಡುವಾಗ ಯಾರ ಹೆಸರನ್ನೂ ಕೇಳುವುದಿಲ್ಲವಲ್ಲ! ಈ ಹೋಲಿಕೆಯು ಚುಚ್ಚುವಂತಹದೇ. ಪರಮಪ್ರಸಾದವು ವ್ರತದೊಡನೆ ಬೆಸೆದುಕೊಂಡಿದೆ, ಅದನ್ನು ಸ್ವೀಕರಿಸುವವನು ಒಂದು ಸಮುದಾಯದ ನಂಬಿಕೆಗೆ ಬದ್ಧನಾಗುತ್ತಾನೆ, ಆ ಬದ್ಧತೆಯನ್ನು ಅತಿಥಿಯ ಮೇಲೆ ಅರಿವಿಲ್ಲದೆ ಹೊರಿಸುವುದು ಅವನಿಗೂ ಅಗೌರವ ಎಂದು ನಾನು ಉತ್ತರಿಸುವೆನು. ಜಸ್ಟಿನನ ಕಾಲದಲ್ಲಿಯೂ ಸ್ನಾನದೀಕ್ಷೆ ಪಡೆದವರಿಗಲ್ಲದೆ ಅದು ಸಲ್ಲುತ್ತಿರಲಿಲ್ಲ. ಆದರೆ ಅದೇ ಜಸ್ಟಿನನ ಕಾಣಿಕೆಯ ಹುಂಡಿಯು ಪರಸ್ಥಳದವನಿಗೂ ತೆರೆದಿತ್ತೆಂಬುದನ್ನು ನೆನೆಯಬೇಕು. ಬಲಿಪೀಠದ ಪಂಕ್ತಿಗೆ ಎಲ್ಲೆಯಿದ್ದಲ್ಲಿ ಅಂಗಳದ ಪಂಕ್ತಿಗೆ ಎಲ್ಲೆಯಿರಕೂಡದು. ಎರಡನೆಯ ಪಂಕ್ತಿಯನ್ನು ಹಾಕದ ಧರ್ಮಕೇಂದ್ರಕ್ಕೆ ಮೊದಲನೆಯದರ ಬಾಗಿಲನ್ನು ಕಾಯುವ ನೈತಿಕ ಅಧಿಕಾರವಿಲ್ಲ. ದಾಸೋಹದ ನಾಡಿನಲ್ಲಂತೂ ಸರ್ವಥಾ ಇಲ್ಲ.

ಇದಕ್ಕಿಂತಲೂ ಕಠಿಣವಾದ ಪರೀಕ್ಷೆಯು ಪಂಕ್ತಿಯೊಳಗೇ ಇದೆ. ಕೊರಿಂಥದ ಸಭೆಯಲ್ಲಿ ಸಿರಿವಂತರು ಮೊದಲೇ ಬಂದು ಹೊಟ್ಟೆ ತುಂಬ ಉಂಡು, ದುಡಿಮೆ ಮುಗಿಸಿ ತಡವಾಗಿ ಬಂದ ಬಡವರನ್ನು ಹಸಿವಿನಲ್ಲಿ ಬಿಟ್ಟಾಗ, ಸಂತ ಪೌಲನು ಅದನ್ನು ಕೇವಲ ಅಸಭ್ಯತೆಯೆನ್ನದೆ ಪ್ರಭುವಿನ ಶರೀರಕ್ಕೇ ಎಸಗಿದ ಅಪರಾಧವೆಂದು ಖಂಡಿಸಿದನು. ಅಂದರೆ ಬಾರದವರ ಪಾಲಿನ ಪ್ರಶ್ನೆಯು ಪರಮಪ್ರಸಾದದಷ್ಟೇ ಹಳೆಯದು. ನಮ್ಮ ದಕ್ಷಿಣದೇಶದಲ್ಲಿ ಅದು ಜಾತಿಯ ವೇಷದಲ್ಲಿ ಬಂದಿತು. 19ನೆಯ ಶತಮಾನದಲ್ಲಿ ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳದ ದೇವಾಲಯದಲ್ಲಿ ಜಾತಿ ಜಾತಿಗಳನ್ನು ಬೇರ್ಪಡಿಸಲು ನಡುವೆ ಗೋಡೆಯನ್ನೇ ಎಬ್ಬಿಸಿದ್ದರು. ಒಂದೇ ರೊಟ್ಟಿಯು ಗೋಡೆಯ ಎರಡು ಕಡೆಗೂ ಹೋಗುತ್ತಿತ್ತೆಂಬುದು ಆ ಗೋಡೆಗೆ ಸಮರ್ಥನೆಯಾಗಲಾರದು. ಅದು ಆ ಗೋಡೆಯ ಮೇಲಣ ತೀರ್ಪು. ಇಂದು ಇಟ್ಟಿಗೆಯ ಗೋಡೆಗಳಿಲ್ಲ. ಆದರೆ ಸಮಿತಿಯ ಪಟ್ಟಿಯಲ್ಲಿ ಯಾರ ಹೆಸರು ಬರುತ್ತದೆ, ಹಬ್ಬದ ಊಟದಲ್ಲಿ ಯಾರು ಬಡಿಸುತ್ತಾರೆ, ಯಾರು ಎಲೆ ಎತ್ತುತ್ತಾರೆ, ಮದುವೆಯ ಮಾತು ಬಂದಾಗ ಯಾರ ಮನೆಯನ್ನು ದಾಟಿ ಹೋಗುತ್ತಾರೆ ಎಂಬುದನ್ನು ಒಂದು ಧರ್ಮಕೇಂದ್ರವು ಮೌನದಲ್ಲಿ ಕೇಳಿಕೊಂಡರೆ, ಉತ್ತರಗಳ ಹಿಂದೆ ಯಾವ ಗೋಡೆ ನಿಂತಿದೆಯೆಂಬುದು ತಾನಾಗಿಯೇ ತಿಳಿಯುತ್ತದೆ.

ಈ ಸೀಮೆಯಲ್ಲಿ ‘ಬಾರದವರು’ ಎಂಬ ಮಾತಿಗೆ ಇನ್ನೂ ಒಂದು ಅರ್ಥವುಂಟು. ಮಳೆ ಕೈಕೊಟ್ಟ ವರ್ಷ ಹರಪನಹಳ್ಳಿ, ಕೂಡ್ಲಿಗಿ, ಹಡಗಲಿಗಳ ಹಳ್ಳಿಗಳಿಂದ ಸಂಸಾರಗಳು ಗಂಟುಮೂಟೆ ಕಟ್ಟಿ ಗುಳೆ ಹೊರಡುತ್ತವೆ: ಮಲೆನಾಡಿನ ಕಾಫಿ ತೋಟಗಳಿಗೆ, ಮಂಡ್ಯದ ಕಬ್ಬಿನ ಗದ್ದೆಗಳಿಗೆ, ಬೆಂಗಳೂರಿನ ಕಟ್ಟಡಗಳಿಗೆ. ಬೀಗ ಬಿದ್ದ ಬಾಗಿಲ ಮುಂದೆ ಮುದುಕರೂ ನಾಯಿಗಳೂ ಉಳಿಯುತ್ತವೆ. ಗುಳೆ ಹೋದವರಲ್ಲಿ ಕ್ರೈಸ್ತರು ಕೆಲವರೇ ಇದ್ದಾರು. ಹಾಗೆಂದ ಮಾತ್ರಕ್ಕೆ ಧರ್ಮಕೇಂದ್ರದ ಲೆಕ್ಕದಿಂದ ಉಳಿದವರು ಜಾರಿಹೋಗುವಂತಿಲ್ಲ. ತಾನೇ ಒಂದು ಬಿಡಾರವೆಂದು ಹೆಸರಿಟ್ಟುಕೊಂಡ ಸಮುದಾಯಕ್ಕೆ ಊರು ಬಿಟ್ಟವರೇ ಹತ್ತಿರದ ನೆಂಟರು. ಹಿಂದೆ ಉಳಿದ ಮುದುಕಿಗೆ ಔಷಧ ಮುಟ್ಟಿತೆ, ಸ್ಟೇಷನ್ನಿನಲ್ಲಿ ಮಲಗಿದ ಕುಟುಂಬದ ಮಗು ಯಾವ ಶಾಲೆಗೆ ಹೋಯಿತು ಎಂದು ಕೇಳುವವರಿರಬೇಕು. 1973ರಿಂದೀಚೆಗೆ ತರಬೇತಿ ಪಡೆದ ಸಾಮಾನ್ಯ ವಿಶ್ವಾಸಿಯೂ, ಕನ್ಯಾಸ್ತ್ರೀಯೂ ರೋಗಿಗೆ ಪ್ರಸಾದವನ್ನೊಯ್ಯಲು ಧರ್ಮಸಭೆಯು ಅವಕಾಶ ಕೊಟ್ಟಿರುವುದರಿಂದ, ಗುರುಗಳು ಬರಲಿಲ್ಲವೆಂಬ ನೆಪವೂ ಪೂರ್ತಿಯಾಗಿ ಉಳಿದಿಲ್ಲ. ಕಾನೂನಿನಲ್ಲಿ ಮತ್ತೊಂದು ಸೊಗಸಾದ ವಿಧಿಯಿದೆ: ಪರಮಪ್ರಸಾದವನ್ನು ಕಾಯ್ದಿರಿಸಿದ ಕಡೆ ಅದರ ಹೊಣೆ ಹೊತ್ತ ಒಬ್ಬರು ಇರಲೇಬೇಕು, ಸಾಧ್ಯವಾದಷ್ಟು ಮಟ್ಟಿಗೆ ತಿಂಗಳಿಗೆ ಎರಡು ಸಲವಾದರೂ ಗುರುವು ಅಲ್ಲಿ ಬಲಿಪೂಜೆಯನ್ನರ್ಪಿಸಬೇಕು. ಪಾಲನ್ನು ಎತ್ತಿಟ್ಟು ಮರೆತುಬಿಡಕೂಡದು, ಅದು ಹಳಸುವ ಮುನ್ನ ಹೊಸ ಅಡಿಗೆಯಾಗಬೇಕೆಂಬ ಗೃಹಕೃತ್ಯದ ವಿವೇಕವೇ ಶಾಸ್ತ್ರದ ಭಾಷೆಯಲ್ಲಿ ಹೀಗೆ ಬಂದಿದೆ.

ಆದಕಾರಣ ಒಂದು ಧರ್ಮಕೇಂದ್ರದ ಭಕ್ತಿಯನ್ನು ಅಳೆಯಹೊರಟವನು ಆರಾಧನೆಯ ಪಾತ್ರೆಯ ಹೊಳಪನ್ನಾಗಲಿ ಮೆರವಣಿಗೆಯ ಉದ್ದವನ್ನಾಗಲಿ ಮೊದಲು ನೋಡಬಾರದು. ಈ ವಾರ ಆ ಪೆಟ್ಟಿಗೆಯ ಬೀಗವು ಯಾರಿಗಾಗಿ ತೆರೆಯಿತು, ಅದರಿಂದ ಹೊರಟ ಪಾಲು ಯಾವ ಹಾದಿ ಹಿಡಿದು ಯಾವ ಮನೆಯ ಹೊಸ್ತಿಲನ್ನು ಮುಟ್ಟಿತು, ಹೋದವರು ಅಲ್ಲಿ ಎಷ್ಟು ಹೊತ್ತು ಕುಳಿತರು ಎಂಬುದನ್ನು ವಿಚಾರಿಸಬೇಕು. ಅಂತಹ ಹಾದಿಗಳು ಸವೆದಿದ್ದಲ್ಲಿ ಆರಾಧನೆಯ ದೀಪಕ್ಕೆ ಎಣ್ಣೆಯ ಕೊರತೆಯಾಗದು. ಹೊಲದಿಂದ ಬಂದ ಮಗನು ಕೈಕಾಲು ತೊಳೆದು, ಬೋರಲು ಹಾಕಿದ ತಟ್ಟೆಯನ್ನೆತ್ತಿ, ತಣ್ಣಗಾದ ರೊಟ್ಟಿಯನ್ನು ಮುರಿಯುವ ಸದ್ದು ಕೇಳಿದ ಮೇಲೆಯೇ ತಾಯಿ ದೀಪವನ್ನಾರಿಸಿ ಮಲಗುತ್ತಾಳೆ. ದೇವಾಲಯದ ಆ ಕೆಂಪು ದೀಪವನ್ನು ಮಾತ್ರ ಯಾರೂ ಆರಿಸುವುದಿಲ್ಲ. ಇನ್ನೂ ಬಾರದವರು ಯಾವಾಗಲೂ ಇದ್ದಾರೆ.